ಲಂಡನ್ನಿನಲ್ಲಿ ಗೆಳತಿಯೊಡನೆ: ಯಾವುದಕ್ಕೆ ಟಿಕೆಟ್ ಕೊಳ್ಳಬೇಕು, ಯಾವುದನ್ನು ಹೊರಗಿನಿಂದ ನೋಡಿದರೆ ಸಾಕು?

ತುಂಗಾತೀರ
ಸೆಪ್ಟೆಂಬರ್ ಕೊನೆಯ ವಾರದಲ್ಲಿ ನಾನು ಮತ್ತು ನನ್ನ ಕಾಲೇಜು ದಿನಗಳ ಗೆಳತಿ ಲಂಡನ್ನಿಗೆ ಹೊರಟಿದ್ದೇವೆ. ವೀಸಾ ಬಂದಿದೆ, ವಿಮಾನದ ಟಿಕೆಟ್ ಆಗಿದೆ, ಯೂಸ್ಟನ್ ರೈಲು ನಿಲ್ದಾಣದ ಹತ್ತಿರ ಕೋಣೆಯನ್ನೂ ಕಾದಿರಿಸಿದ್ದೇವೆ. ಆಗದೆ ಉಳಿದಿರುವುದು ನಮ್ಮಿಬ್ಬರ ನಡುವಿನ ರಾಜಿ ಮಾತ್ರ. ಟವರ್ ಆಫ್ ಲಂಡನ್, ಟವರ್ ಬ್ರಿಡ್ಜ್, ವೆಸ್ಟ್‌ಮಿನ್‌ಸ್ಟರ್ ಅಬೆ, ಸೇಂಟ್ ಪಾಲ್ಸ್ ಕೆಥೆಡ್ರಲ್ ಎಂಬ ಚರ್ಚುಗಳು, ಲಂಡನ್ ಐ ಎಂಬ ದೈತ್ಯ ತಿರುಗುಚಕ್ರ, ಬಕಿಂಗ್‌ಹ್ಯಾಮ್ ಅರಮನೆಯ ಕಾವಲು ಬದಲಾವಣೆ, ಗ್ರೀನಿಚ್ ಎಲ್ಲವನ್ನೂ ಗಂಟೆ ಗಂಟೆಗೆ ಹೊಂದಿಸಿ ಅವಳು ಎಕ್ಸೆಲ್ ಹಾಳೆಯೊಂದನ್ನು ಕಳುಹಿಸಿದ್ದಾಳೆ. ಮಧ್ಯಾಹ್ನದ ಊಟಕ್ಕೆ ಅದರಲ್ಲಿ ಇಪ್ಪತ್ತು ನಿಮಿಷ ದಯಪಾಲಿಸಿದ್ದಾಳೆ. ನನಗೋ ಒಂದು ವಸ್ತುಸಂಗ್ರಹಾಲಯದಲ್ಲಿ ಅರ್ಧ ದಿನ ಕಳೆದರೂ ಸಾಲದು.

ಇನ್ನೊಂದು ಚಿಂತೆ ಹಣದ್ದು. ಟವರ್‌ಗೆ ಒಬ್ಬರಿಗೆ ಮೂವತ್ತು ಪೌಂಡ್ ಮೀರುತ್ತದೆ, ಅಬೆಗೂ ಮೂವತ್ತರ ಆಸುಪಾಸು ಬೇಕು. ಇಬ್ಬರದ್ದನ್ನೂ ಸೇರಿಸಿ ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ಎದೆ ಧಸಕ್ಕೆನ್ನುತ್ತದೆ. ಆದ್ದರಿಂದ ಹೋಗಿ ಬಂದವರನ್ನೂ ಅಲ್ಲಿಯೇ ನೆಲೆಸಿರುವವರನ್ನೂ ಕೇಳುತ್ತಿದ್ದೇನೆ. ಯಾವುದರ ಒಳಗೆ ಹೋಗಲೇಬೇಕು, ಯಾವುದು ಹೊರಗಿನ ನೋಟಕ್ಕೆ ಮುಗಿಯುತ್ತದೆ?

ಥೇಮ್ಸ್ ದಂಡೆ
ನಾನು ಇಲ್ಲಿ ನೆಲೆಸಿ ಬಹಳ ಕಾಲವಾಯಿತು. ಬಂದ ನೆಂಟರನ್ನೆಲ್ಲ ಊರು ತೋರಿಸುವ ಕೆಲಸ ನನ್ನ ಪಾಲಿಗೇ ಬಂದಿರುವುದರಿಂದ ಸ್ವಲ್ಪ ಅಧಿಕಾರದಿಂದಲೇ ಹೇಳುತ್ತೇನೆ. ಒಳಗಿರುವುದು ಹೊರಗಿನಿಂದ ಊಹಿಸಲಾಗದಂಥದ್ದಾಗಿದ್ದರೆ ಮಾತ್ರ ಟಿಕೆಟ್ ಕೊಳ್ಳಿ.

ಟವರ್ ಆಫ್ ಲಂಡನ್ ಅಂಥದ್ದು. ಹೊರಗಿನಿಂದ ಅದು ಒಂದು ಕೋಟೆ, ಒಳಗೆ ಒಂದು ಊರೇ ಇದೆ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಮೊದಲು ನೇರವಾಗಿ ಒಡವೆಗಳಿರುವ ಜ್ಯೂಯೆಲ್ ಹೌಸ್‌ಗೆ ನಡೆಯಿರಿ, ಉಳಿದದ್ದೆಲ್ಲ ಆಮೇಲೆ. ಹನ್ನೊಂದರ ನಂತರ ಅಲ್ಲಿ ಸಾಲು ಅಂಗಳದ ತುಂಬ ಬೆಳೆಯುತ್ತದೆ.

ಟವರ್ ಬ್ರಿಡ್ಜ್ ಹೊರಗಿನಿಂದಲೇ ಚೆನ್ನ. ಮೇಲಿನ ನಡೆದಾರಿಗೆ 2014ರಲ್ಲಿ ಗಾಜಿನ ನೆಲ ಹಾಕಿದ್ದಾರೆ. ನೀರಿನಿಂದ 42 ಮೀಟರ್ ಎತ್ತರದಲ್ಲಿ ಕಾಲ ಕೆಳಗೆ ಬಸ್ಸುಗಳು ಹರಿಯುವುದನ್ನು ನೋಡುವ ಆಸೆ ಇದ್ದರೆ ಹತ್ತಿ, ಇಲ್ಲವಾದರೆ ಸೇತುವೆ ತೆರೆದುಕೊಳ್ಳುವ ವೇಳಾಪಟ್ಟಿಯನ್ನು ಅವರ ಜಾಲತಾಣದಲ್ಲಿ ನೋಡಿಕೊಂಡು ದಂಡೆಯ ಮೇಲೆ ನಿಂತರೆ ಕಾಸಿಲ್ಲದೆ ಅದಕ್ಕಿಂತ ದೊಡ್ಡ ನೋಟ ಸಿಗುತ್ತದೆ. ವರ್ಷಕ್ಕೆ ಸುಮಾರು 800 ಬಾರಿ ಅದು ತೆರೆಯುತ್ತದೆ.

ಲಂಡನ್ ಐ ಖಂಡಿತ ಬೇಡ. ಅರಮನೆಯ ಮುಂದಿನ ಕಾವಲು ಬದಲಾವಣೆಯಲ್ಲಿ ನಿಮಗೆ ಕಾಣುವುದು ಮುಂದಿರುವವರ ಮೊಬೈಲುಗಳೇ ಹೊರತು ಕಾವಲಿನವರಲ್ಲ.

ಕಾಸಿಗೆ ತಕ್ಕ ಕಜ್ಜಾಯ
ಲಂಡನ್ ಐ ಬೇಡ ಎಂಬ ಮಾತಿಗೆ ನನ್ನದೂ ಸಹಮತ. ಎತ್ತರದ ನೋಟವೇ ಬೇಕೆಂದರೆ ಫೆನ್‌ಚರ್ಚ್ ಬೀದಿಯ 20ನೇ ಸಂಖ್ಯೆಯ ಕಟ್ಟಡದ ತುದಿಯಲ್ಲಿ ಸ್ಕೈ ಗಾರ್ಡನ್ ಇದೆ, ಬಿಷಪ್ಸ್‌ಗೇಟ್‌ನಲ್ಲಿ ಹೊರೈಜನ್ 22 ಇದೆ. ಎರಡಕ್ಕೂ ಪ್ರವೇಶ ಉಚಿತ. ಎರಡನೆಯದು 58ನೇ ಮಹಡಿಯಲ್ಲಿದೆ, ಅಂದರೆ 135 ಮೀಟರಿನ ಲಂಡನ್ ಐ ಅದರ ಸೊಂಟಕ್ಕೂ ಬರುವುದಿಲ್ಲ ಎನ್ನಬಹುದು. ಆದರೆ ಮುಂಗಡ ಕಾದಿರಿಸುವುದು ಕಡ್ಡಾಯವೆಂದೇ ತಿಳಿಯಿರಿ. ಸಂಜೆಯ ವೇಳೆಗಳು ಬಿಟ್ಟ ಕೂಡಲೇ ಖಾಲಿಯಾಗುತ್ತವೆ.

ಹಿರಿಯರ ಸಂಗಾತಿ
ಲಂಡನ್ ಐ ಬಗ್ಗೆ ಇಷ್ಟು ಸಲೀಸಾಗಿ ತೀರ್ಪು ಕೊಡುವುದು ಸರಿಯಲ್ಲ. ಮೊಣಕಾಲು ನೋವಿರುವ ನನ್ನ ಅತ್ತೆಯವರೊಡನೆ ಹೋದವಳು ನಾನು. ಅರ್ಧ ಗಂಟೆ ನಿಧಾನವಾಗಿ ತಿರುಗುವ ಆ ಗಾಜಿನ ಗೂಡಿನೊಳಗೆ ಬೆಂಚಿನ ಮೇಲೆ ಕುಳಿತು ಅವರು ಪಾರ್ಲಿಮೆಂಟ್ ಭವನವನ್ನು ನೆತ್ತಿಯ ಮೇಲಿನಿಂದ ನೋಡಿದರು. ಸ್ಕೈ ಗಾರ್ಡನ್ ಇರುವುದು ನಗರದ ಪೂರ್ವ ಭಾಗದಲ್ಲಿ. ಅಲ್ಲಿಂದ ಪಾರ್ಲಿಮೆಂಟ್ ದೂರದ ಗೋಪುರವಾಗಿ ಕಾಣುತ್ತದೆಯೇ ಹೊರತು ಹೀಗೆ ಕಾಲಬುಡದಲ್ಲಿ ಅಲ್ಲ. ಎತ್ತರವೊಂದನ್ನೇ ಅಳೆದರೆ ಆಯಿತೇ?

ಕಾಸಿಗೆ ತಕ್ಕ ಕಜ್ಜಾಯ
ಹಿರಿಯರಿದ್ದರೆ ನಿಮ್ಮ ಮಾತು ಒಪ್ಪತಕ್ಕದ್ದೇ. ಪ್ರಶ್ನೆ ಕೇಳಿರುವವರು ಇಬ್ಬರು ಗೆಳತಿಯರು, ಅತ್ತೆ ಸೊಸೆಯರಲ್ಲ.

ಹಳೆಯ ಮೇಷ್ಟ್ರು
ಟವರ್ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ನಡುವಿನ ವೈಟ್ ಟವರ್‌ನ ನಿರ್ಮಾಣವನ್ನು ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದ ವಿಲಿಯಂ 1070ರ ದಶಕದಲ್ಲಿ ಆರಂಭಿಸಿದನು. ಗೆದ್ದ ಊರಿನ ಜನ ದಿನವೂ ಕಣ್ಣೆತ್ತಿ ನೋಡಿ ಹೆದರಲಿ ಎಂಬುದೇ ಅದರ ಉದ್ದೇಶವಾಗಿತ್ತು. ಎಂಟನೆಯ ಹೆನ್ರಿಯ ರಾಣಿ ಆನ್ ಬೊಲಿನ್‌ಳ ತಲೆಯನ್ನು 1536ರಲ್ಲಿ ಕಡಿದದ್ದು ಇದೇ ಆವರಣದೊಳಗೆ. ಇದನ್ನೆಲ್ಲ ಪುಸ್ತಕದಲ್ಲಿ ಓದುವುದಕ್ಕಿಂತ ಯೋಮನ್ ವಾರ್ಡರ್ ಎಂಬ ಕೆಂಪು ಅಂಚಿನ ಸಮವಸ್ತ್ರದವರ ಬಾಯಿಂದ ಕೇಳಬೇಕು. ಟಿಕೆಟ್ ಇದ್ದವರಿಗೆ ಅವರ ವಿವರಣೆಗೆ ಬೇರೆ ಶುಲ್ಕವಿಲ್ಲ. ಸೇನೆಯಲ್ಲಿ ಕನಿಷ್ಠ 22 ವರ್ಷ ಸೇವೆ ಸಲ್ಲಿಸಿದವರನ್ನು ಮಾತ್ರ ಈ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಅವರು ಸಂಸಾರ ಸಮೇತ ಕೋಟೆಯೊಳಗೇ ವಾಸಿಸುತ್ತಾರೆ. ರಕ್ತಪಾತದ ಕಥೆಯನ್ನು ನಗಿಸುತ್ತಾ ಹೇಳುವ ಅವರ ಗತ್ತು ನಮ್ಮ ಹಳೆಯ ತರಗತಿಗಳಲ್ಲಿ ಇದ್ದಿದ್ದರೆ ಇತಿಹಾಸವನ್ನು ಯಾರೂ ದ್ವೇಷಿಸುತ್ತಿರಲಿಲ್ಲ.

ಕೊಹಿನೂರ್ ಇರುವುದು ಜ್ಯೂಯೆಲ್ ಹೌಸ್‌ನಲ್ಲಿ, 1937ರಲ್ಲಿ ಅಂದಿನ ರಾಣಿಗಾಗಿ ಮಾಡಿಸಿದ ಕಿರೀಟದ ಮುಂಭಾಗದಲ್ಲಿ. ಕಿರೀಟಗಳ ಮುಂದೆ ಚಲಿಸುವ ಪಟ್ಟಿಯೊಂದಿದೆ, ನಿಂತಲ್ಲೇ ನಿಮ್ಮನ್ನು ಸಾಗಿಸಿಬಿಡುತ್ತದೆ. ಮನಸ್ಸು ತುಂಬದಿದ್ದರೆ ಸುತ್ತಿ ಬಂದು ಮತ್ತೆ ಹತ್ತಬಹುದು, ಯಾರೂ ಆಕ್ಷೇಪಿಸುವುದಿಲ್ಲ.

ನೆತ್ತಿಸೂರ್ಯ
ನಮ್ಮಿಂದ ಕಿತ್ತುಕೊಂಡು ಹೋದ ವಜ್ರವನ್ನು ನೋಡಲು ನಾವೇ ಸಾವಿರಾರು ರೂಪಾಯಿ ತೆತ್ತು ಸಾಲಿನಲ್ಲಿ ನಿಲ್ಲಬೇಕೇ? ನಾನಂತೂ ಆ ಬಾಗಿಲು ತುಳಿಯಲಿಲ್ಲ.

ಹಳೆಯ ಮೇಷ್ಟ್ರು
ತುಳಿಯದಿರುವುದು ತಮ್ಮ ಹಕ್ಕು. ಆದರೆ ನೋಡದೆ ಇರುವುದರಿಂದ ವಜ್ರವೇನೂ ಹಿಂದಿರುಗುವುದಿಲ್ಲವಲ್ಲ. 1849ರ ಲಾಹೋರ್ ಒಪ್ಪಂದದಲ್ಲಿ ಹತ್ತು ವರ್ಷದ ದುಲೀಪ್ ಸಿಂಗನಿಂದ ಅದನ್ನು ಬರೆಸಿಕೊಂಡರು. 1852ರಲ್ಲಿ ಹೊಳಪು ಸಾಲದೆಂದು ಮತ್ತೆ ಕತ್ತರಿಸಿ 186 ಕ್ಯಾರೆಟ್ಟಿನ ಕಲ್ಲನ್ನು 105.6 ಕ್ಯಾರೆಟ್ಟಿಗೆ ಇಳಿಸಿದರು. 2023ರ ಪಟ್ಟಾಭಿಷೇಕದಲ್ಲಿ ರಾಣಿ ಕಮಿಲಾ ಅದನ್ನು ಧರಿಸದೆ ಬಿಟ್ಟರು. ಕಿತ್ತುಕೊಂಡದ್ದರ ಗಾತ್ರ ಕಣ್ಣಿಗೆ ಕಂಡ ಮೇಲೆ ನಮ್ಮ ಸಿಟ್ಟಿಗೂ ಒಂದು ಆಧಾರ ಸಿಗುತ್ತದೆ ಎಂಬುದು ನನ್ನ ವಾದ.

ಶ್ರೀರಂಗಪಟ್ಟಣದವ
ಸಿಟ್ಟಿಗೆ ಆಧಾರ ಬೇಕಾದವರು ದುಡ್ಡು ಕೊಡಬೇಕಾದ ಅಗತ್ಯವೇ ಇಲ್ಲ. ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ, ಅಲ್ಲಿನ ದಕ್ಷಿಣ ಏಷ್ಯಾ ಸಂಗ್ರಹದಲ್ಲಿ ನಮ್ಮೂರಿನ ಟಿಪ್ಪು ಸುಲ್ತಾನನ ಹುಲಿ ಗಾಜಿನ ಪೆಟ್ಟಿಗೆಯೊಳಗಿದೆ. ಬಣ್ಣ ಬಳಿದ ಮರದ ಹುಲಿ, ಅಂಗಾತ ಬಿದ್ದಿರುವ ಐರೋಪ್ಯ ಸಿಪಾಯಿಯ ಮೇಲೇರಿ ಕುತ್ತಿಗೆಗೆ ಬಾಯಿ ಹಾಕಿದೆ. ಸಿಪಾಯಿಯ ಟೋಪಿ ತಲೆಯಿಂದ ಜಾರಿಲ್ಲ, ಬೂಟುಗಳು ಹೊಳೆಯುತ್ತಿವೆ, ಕಣ್ಣು ಮಾತ್ರ ಅಗಲವಾಗಿ ತೆರೆದಿದೆ. ಪಕ್ಕದಲ್ಲೊಂದು ಹಿಡಿಕೆ ಉಂಟು. ಅದನ್ನು ತಿರುಗಿಸಿದರೆ ಸಿಪಾಯಿಯ ಕೈ ಮೇಲೇಳುತ್ತಿತ್ತು, ಅವನು ನರಳುತ್ತಿದ್ದ, ಹುಲಿ ಗುರುಗುಟ್ಟುತ್ತಿತ್ತು. ಹುಲಿಯ ಪಕ್ಕೆಯ ಮುಚ್ಚಳ ತೆರೆದರೆ ಒಳಗೆ ಆರ್ಗನ್ ವಾದ್ಯದ ಮನೆಗಳು. ಈಗ ಸಂದರ್ಶಕರಿಗೆ ಮುಟ್ಟಲು ಬಿಡುವುದಿಲ್ಲ.

ನಮ್ಮ ಊರಿನಲ್ಲಿ ಟಿಪ್ಪುವಿನ ಅರಮನೆಯ ಜಾಗದಲ್ಲಿ ಈಗ ಅಡಿಪಾಯದ ಕಲ್ಲುಗಳಷ್ಟೇ ಉಳಿದಿವೆ. 1799ರ ಮೇ ತಿಂಗಳಲ್ಲಿ ಅಲ್ಲಿಂದ ಹೊರಟದ್ದು ಇಲ್ಲಿ ಬಂದು ಕುಳಿತಿದೆ. ಲಂಡನ್ನಿಗೆ ಹೋಗುವ ಕನ್ನಡಿಗರು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬಾರದು.

ಹಳೆಯ ಮೇಷ್ಟ್ರು
ಶ್ರೀರಂಗಪಟ್ಟಣದವರ ವಿವರಣೆಗೆ ಒಂದು ಜೋಡಣೆ. ಹುಲಿ ಮೊದಲು ಬಂದದ್ದು ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಗೆ. ಬಂದವರೆಲ್ಲ ಹಿಡಿಕೆ ತಿರುಗಿಸಿ ಸದ್ದು ಮಾಡುತ್ತಿದ್ದುದರಿಂದ ಅಲ್ಲಿನ ಗ್ರಂಥಾಲಯದಲ್ಲಿ ಓದುತ್ತಿದ್ದವರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತಂತೆ. ಎರಡನೆಯ ಮಹಾಯುದ್ಧದಲ್ಲಿ ಅದು ಜಖಂಗೊಂಡು ಮತ್ತೆ ದುರಸ್ತಿಯಾಯಿತು.

ನೆತ್ತಿಸೂರ್ಯ
ಉಚಿತವಾದರೆ ನೋಡಬಹುದು. ಆದರೂ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಗುಮ್ಮಟದೂರು
ಸೇಂಟ್ ಪಾಲ್ಸ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲವಲ್ಲ. ವಿಜಯಪುರದವನಾದ ನಾನು ಅಲ್ಲಿಗೆ ಹೋದದ್ದು, ನಿಜ ಹೇಳಬೇಕೆಂದರೆ, ನಮ್ಮ ಗೋಲಗುಮ್ಮಟದ ಜೊತೆ ತಾಳೆ ನೋಡಲಿಕ್ಕೆ. ಕ್ರಿಸ್ಟೋಫರ್ ರೆನ್ ಎಂಬ ವಾಸ್ತುಶಿಲ್ಪಿಯ ಉಸ್ತುವಾರಿಯಲ್ಲಿ ಆ ಚರ್ಚಿನ ಕಟ್ಟೋಣ ಆರಂಭವಾದದ್ದು 1675ರಲ್ಲಿ. ಆ ಹೊತ್ತಿಗೆ ಆದಿಲ್‌ಶಾಹಿಗಳ ಗುಮ್ಮಟ ನಿಂತು ಎರಡು ದಶಕ ಸಮೀಪಿಸಿತ್ತು. ಗುಮ್ಮಟದ ಅಗಲದಲ್ಲಿಯೂ ನಮ್ಮದೇ ದೊಡ್ಡದು. ಎತ್ತರದಲ್ಲಿ ಅವರದು ಮುಂದೆ, 111 ಮೀಟರ್.

ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ಸೇಂಟ್ ಪಾಲ್ಸ್‌ನಲ್ಲಿ ಒಳಗಿನಿಂದ ಕಾಣುವ ಗುಮ್ಮಟವೇ ಬೇರೆ, ಹೊರಗಿನಿಂದ ಕಾಣುವುದೇ ಬೇರೆ. ಎರಡರ ನಡುವೆ ಇಟ್ಟಿಗೆಯ ಶಂಕುವೊಂದಿದ್ದು, ತುದಿಯ ಕಲ್ಲಿನ ಗೋಪುರದ ಭಾರವನ್ನು ಹೊರುವುದು ಅದು. ಮೆಟ್ಟಿಲು ಹತ್ತುತ್ತಾ ಹೋದಂತೆ ಆ ಎರಡು ಗುಮ್ಮಟಗಳ ನಡುವಿನ ಸಂದಿಯಲ್ಲೇ ನೀವು ಏರುತ್ತೀರಿ. ಒಟ್ಟು 528 ಮೆಟ್ಟಿಲು. ಕೊನೆಯವು ಕಬ್ಬಿಣದ ಇಕ್ಕಟ್ಟಾದ ಸುರುಳಿ ಮೆಟ್ಟಿಲು, ಕೆಳಗೆ ನೋಡಿದರೆ ಜಾಲರಿಯ ಸಂದಿಯಿಂದ ಆಳ ಕಾಣುತ್ತದೆ. ಇದನ್ನು ನೋಡಲು ನಾನು ಇನ್ನೊಮ್ಮೆ ದುಡ್ಡು ಕೊಡಲು ಸಿದ್ಧ. ಪಿಸುಮಾತು ಕೇಳಿಸುವ ಗ್ಯಾಲರಿಗೆಂದೇ ಹೋಗುವವರು ಮಾತ್ರ ಅದು ತೆರೆದಿದೆಯೇ ಎಂದು ಮೊದಲು ವಿಚಾರಿಸಿರಿ, 2019ರಿಂದ ಅದನ್ನು ಮುಚ್ಚಿದ್ದರು. ಪ್ರತಿಧ್ವನಿಗಾಗಿ ಆದರೆ ವಿಜಯಪುರಕ್ಕೇ ಬನ್ನಿ.

ಥೇಮ್ಸ್ ದಂಡೆ
ಗುಮ್ಮಟದೂರಿನವರೇ, ಇಬ್ಬರಿಗೂ 528 ಮೆಟ್ಟಿಲು ಹತ್ತುವ ಉತ್ಸಾಹ ಇದೆಯೋ ಇಲ್ಲವೋ ಮೊದಲು ಕೇಳಬೇಡವೇ? ಮೆಟ್ಟಿಲೇ ಬೇಕಿದ್ದರೆ ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಮಾನ್ಯುಮೆಂಟ್ ಎಂಬ ಸ್ತಂಭವಿದೆ. 1666ರ ಮಹಾ ಅಗ್ನಿದುರಂತದ ನೆನಪಿಗೆ ಕಟ್ಟಿದ್ದು, ಅದರಲ್ಲಿಯೂ ರೆನ್‌ನ ಕೈ ಇದೆ. 311 ಮೆಟ್ಟಿಲು ಹತ್ತಿ ಇಳಿದವರಿಗೆ ಒಂದು ಪ್ರಮಾಣಪತ್ರವನ್ನೂ ಕೊಡುತ್ತಾರೆ, ಟಿಕೆಟ್ ಸೇಂಟ್ ಪಾಲ್ಸ್‌ಗಿಂತ ಬಹಳ ಕಡಿಮೆ.

ಗುಮ್ಮಟದೂರು
ಪ್ರಮಾಣಪತ್ರಕ್ಕಾಗಿ ಮೆಟ್ಟಿಲು ಹತ್ತುವ ವಯಸ್ಸು ಮುಗಿಯಿತು.

ಕಲಬುರಗಿ ಕಡೆಯವ
ಕನ್ನಡದವರ ಚರ್ಚೆ ಇಷ್ಟು ದೂರ ಬಂದರೂ ಬಸವಣ್ಣನವರ ಹೆಸರು ಬಾರದಿರುವುದು ಆಶ್ಚರ್ಯ. ಥೇಮ್ಸ್‌ನ ದಕ್ಷಿಣ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲೆ, ಲ್ಯಾಂಬೆತ್ ಸೇತುವೆಯ ಬಳಿ ಬಸವೇಶ್ವರರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದರು. ನಮ್ಮ ಕಲಬುರಗಿಯ ಮೂಲದವರೂ ಲ್ಯಾಂಬೆತ್‌ನ ಮಾಜಿ ಮೇಯರ್ ಆಗಿದ್ದವರೂ ಆದ ಡಾ. ನೀರಜ್ ಪಾಟೀಲರು ಅದಕ್ಕಾಗಿ ಓಡಾಡಿದವರು. ಯಾವ ಟಿಕೆಟ್ಟೂ ಬೇಡ, ಯಾವ ಸಾಲೂ ಇಲ್ಲ.

ಕಾಸಿಗೆ ತಕ್ಕ ಕಜ್ಜಾಯ
ಬಸವಣ್ಣನವರನ್ನು ನೋಡಲು ಕೂಡಲಸಂಗಮಕ್ಕೆ ಹೋದರೆ ಇನ್ನೂ ಅಗ್ಗವಾಗುತ್ತದೆಯಲ್ಲವೇ?

ಕಲಬುರಗಿ ಕಡೆಯವ
ತಮಾಷೆ ಇರಲಿ, ದಾರಿಯನ್ನಾದರೂ ಕೇಳಿ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಎಡಕ್ಕೆ ತಿರುಗಿದರೆ ಲಂಡನ್ ಐ ಕಡೆಯ ಜಾತ್ರೆ. ಬಲಕ್ಕೆ ಇಳಿದು ನದಿಯ ಪಕ್ಕದ ಕಾಲುದಾರಿ ಹಿಡಿಯಿರಿ. ಸೇಂಟ್ ಥಾಮಸ್ ಆಸ್ಪತ್ರೆಯ ಗೋಡೆಯುದ್ದಕ್ಕೂ ಕೆಂಪು ಹೃದಯಗಳನ್ನು ಬಿಡಿಸಿದ್ದಾರೆ, ಕೋವಿಡ್‌ನಲ್ಲಿ ತೀರಿಹೋದ ಒಬ್ಬೊಬ್ಬರಿಗೆ ಒಂದೊಂದು. 2021ರಲ್ಲಿ ಮನೆಯವರೂ ಸ್ವಯಂಸೇವಕರೂ ಕೂಡಿ ಬರೆದದ್ದು. ಹೃದಯದೊಳಗೆ ಸಣ್ಣ ಅಕ್ಷರಗಳಲ್ಲಿ ಹೆಸರುಗಳಿವೆ, ಬಣ್ಣ ಮಾಸಿದಲ್ಲೆಲ್ಲ ಮತ್ತೆ ಬಳಿಯುತ್ತಾರೆ. ನಡೆಯುವಾಗ ನಿಮ್ಮ ಬಲಕ್ಕೆ, ನೀರಿನಾಚೆ, ಪಾರ್ಲಿಮೆಂಟ್ ಭವನ ಉದ್ದಕ್ಕೂ ಕಾಣುತ್ತದೆ. ಛಾಯಾಚಿತ್ರ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಹೀಗೆ ಲ್ಯಾಂಬೆತ್ ಸೇತುವೆ ಮುಟ್ಟಿದರೆ ಬಸವಣ್ಣನವರು ಸಿಗುತ್ತಾರೆ. ಅದೇ ಸೇತುವೆ ದಾಟಿ ಹಿಂದಿರುಗಿದರೆ ಅಬೆ.

ರೈಲುಪ್ರಿಯ
ಓಡಾಟದ ಬಗ್ಗೆ ಇರುವ ಗೊಂದಲವನ್ನು ಬಗೆಹರಿಸುತ್ತೇನೆ. ಬ್ಯಾಂಕಿನ ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನೇ ಬಾಗಿಲಿನ ಹಳದಿ ಫಲಕಕ್ಕೆ ತೋರಿಸಿ ಟ್ಯೂಬ್ ರೈಲನ್ನೂ ಬಸ್ಸನ್ನೂ ಹತ್ತಬಹುದು. ದಿನದ ಖರ್ಚು ಒಂದು ಮಿತಿ ಮುಟ್ಟಿದ ಮೇಲೆ ಆ ದಿನ ಮತ್ತೆ ಹಣ ಕಡಿತವಾಗುವುದಿಲ್ಲ. ಆದರೆ ಇಬ್ಬರಿಗೆ ಎರಡು ಕಾರ್ಡು ಬೇಕು, ಒಂದನ್ನೇ ಇಬ್ಬರೂ ಬಳಸಲಾಗದು. ಹತ್ತುವಾಗ ಕಾರ್ಡು, ಇಳಿಯುವಾಗ ಫೋನು ತೋರಿಸಿದರೆ ಬ್ಯಾಂಕ್ ಖಾತೆ ಒಂದೇ ಆಗಿದ್ದರೂ ಯಂತ್ರ ಅದನ್ನು ಇಬ್ಬರು ಬೇರೆ ಬೇರೆ ಪ್ರಯಾಣಿಕರೆಂದು ಎಣಿಸಿ ದಂಡದ ದರ ಹಾಕುತ್ತದೆ. ಭಾರತದ ಕಾರ್ಡುಗಳಿಗೆ ವಿದೇಶಿ ವಿನಿಮಯದ ಶುಲ್ಕ ಬೀಳುವುದರಿಂದ ಆಯ್‌ಸ್ಟರ್ ಕಾರ್ಡು ಕೊಂಡು ಹಣ ತುಂಬಿಸಿಕೊಳ್ಳುವುದು ಕೆಲವರಿಗೆ ಅನುಕೂಲ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದನ್ನು 2014ರಲ್ಲೇ ನಿಲ್ಲಿಸಿದ್ದಾರೆ.

ಊರು ನೋಡಲು ದುಬಾರಿ ಪ್ರವಾಸಿ ಬಸ್ಸು ಬೇಡ. ಟ್ರಫಾಲ್ಗರ್ ಚೌಕದ ಕಡೆಯಿಂದ 15ನೇ ಸಂಖ್ಯೆಯ ಸಾಮಾನ್ಯ ಬಸ್ಸು ಹತ್ತಿ, ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕುಳಿತರೆ ಸೇಂಟ್ ಪಾಲ್ಸ್ ಹಾದು ಟವರ್‌ವರೆಗೆ ಎರಡು ಪೌಂಡಿನೊಳಗೆ ಮುಗಿಯುತ್ತದೆ. ಟವರ್‌ಗೆ ಟ್ಯೂಬಿನಲ್ಲಿ ಹೋಗುವವರು ಟವರ್ ಹಿಲ್ ನಿಲ್ದಾಣದಲ್ಲಿ ಇಳಿಯಬೇಕು. ಲಂಡನ್ ಬ್ರಿಡ್ಜ್ ನಿಲ್ದಾಣದಲ್ಲಿ ಇಳಿದು, ಎದುರಿಗೆ ಕಾಣುವ ಬೋಳು ಕಾಂಕ್ರೀಟ್ ಸೇತುವೆಯನ್ನೇ ಚಿತ್ರಗಳಲ್ಲಿ ನೋಡಿದ ಸೇತುವೆಯೆಂದು ಹುಡುಕುವವರು ಪ್ರತಿದಿನವೂ ಇರುತ್ತಾರೆ. ಅಲ್ಲಿದ್ದ ಹಳೆಯ ಕಲ್ಲಿನ ಸೇತುವೆಯನ್ನು 1968ರಲ್ಲಿ ಅಮೆರಿಕದವರಿಗೆ ಮಾರಿದರು, ಅದು ಈಗ ಅರಿಝೋನಾದಲ್ಲಿದೆ.

ಬಸ್ಸಿನ ಮಾತು ಬಂದದ್ದರಿಂದ ಒಂದು ಸಂಗತಿ. 1952ರ ಡಿಸೆಂಬರಿನಲ್ಲಿ 78ನೇ ಸಂಖ್ಯೆಯ ಡಬಲ್ ಡೆಕ್ಕರ್ ಟವರ್ ಬ್ರಿಡ್ಜ್ ಮೇಲಿರುವಾಗಲೇ ಸೇತುವೆ ಮೇಲೇಳತೊಡಗಿತು. ಚಾಲಕ ನಿಲ್ಲಿಸುವ ಬದಲು ವೇಗ ಹೆಚ್ಚಿಸಿ ಬಸ್ಸನ್ನು ಆಚೆಯ ಭಾಗಕ್ಕೆ ಹಾರಿಸಿದ, ಎಲ್ಲರೂ ಬದುಕಿದರು. ಅವನಿಗೆ ಕೊಟ್ಟ ಬಹುಮಾನ ಹತ್ತು ಪೌಂಡ್.

ಹಿರಿಯರ ಸಂಗಾತಿ
ಹತ್ತು ಪೌಂಡ್ ಮಾತ್ರವೇ!

ಕಾಸಿಗೆ ತಕ್ಕ ಕಜ್ಜಾಯ
ರೈಲುಪ್ರಿಯರು ಹೇಳಿದ್ದರಲ್ಲಿ ಇಬ್ಬರಿಗೆ ಲಾಭವಾಗುವ ಒಂದು ಅಂಶ ಬಿಟ್ಟುಹೋಗಿದೆ. ಬ್ರಿಟನ್ನಿನ ರೈಲ್ವೆಯವರು ಒಬ್ಬರ ಪ್ರವೇಶಕ್ಕೆ ಇನ್ನೊಬ್ಬರ ಪ್ರವೇಶ ಉಚಿತ ಎಂಬ ಕೊಡುಗೆಯನ್ನು ಹಲವು ಪ್ರೇಕ್ಷಣೀಯ ಸ್ಥಳಗಳಿಗೆ ನೀಡುತ್ತಾರೆ. ಆದರೆ ಆ ದಿನದ ರೈಲು ಟಿಕೆಟ್ ಇಬ್ಬರ ಕೈಯಲ್ಲೂ ಇರಬೇಕು, ಕಾರ್ಡು ತೋರಿಸಿ ಪ್ರಯಾಣಿಸಿದರೆ ಇದು ದಕ್ಕುವುದಿಲ್ಲ. ಪಟ್ಟಿ ಆಗಾಗ ಬದಲಾಗುತ್ತದೆ, ಹೋಗುವ ವಾರ ನೋಡಿಕೊಳ್ಳಿ. ಟಿಕೆಟ್ಟಿನ ಬೆಲೆ, ಕೊಡುಗೆಯಲ್ಲಿ ಉಳಿಯುವ ಹಣ ಎರಡನ್ನೂ ತೂಗಿ ನೋಡದೆ ಧುಮುಕಬೇಡಿ.

ತುಂಗಾತೀರ
ಎಲ್ಲರಿಗೂ ಕೃತಜ್ಞತೆಗಳು. ಟಿಪ್ಪುವಿನ ಹುಲಿಯೂ ಬಸವಣ್ಣನವರ ದಾರಿಯೂ ನಮ್ಮ ಹಾಳೆಯಲ್ಲಿ ಸೇರಿವೆ. ಈಗ ಇನ್ನೊಂದು ಮುಜುಗರದ ಪ್ರಶ್ನೆ. ಜೊತೆಯಾಗಿ ಹೋದ ಮೇಲೆ ಎಲ್ಲ ಕಡೆಯೂ ಜೊತೆಯಾಗಿಯೇ ಇರಬೇಕೇ? ಒಂದು ಮಧ್ಯಾಹ್ನ ನೀನೊಂದು ದಾರಿ, ನಾನೊಂದು ದಾರಿ ಎಂದರೆ ಅವಳು ಬೇಸರಪಟ್ಟುಕೊಳ್ಳಬಹುದೆಂಬ ಅಳುಕು ನನಗಿದೆ.

ಅಲೆಮಾರಿ
ಇದು ಮುಜುಗರದ ಪ್ರಶ್ನೆಯೇ ಅಲ್ಲ, ನಿಮ್ಮ ಮೊದಲ ಪ್ರಶ್ನೆಗಿಂತ ಇದೇ ಮುಖ್ಯವಾದದ್ದು. ಗೆಳೆಯರೊಡನೆ ಊರೂರು ಸುತ್ತಿದ ನನ್ನ ಅನುಭವದಲ್ಲಿ ಮನಸ್ತಾಪ ಹುಟ್ಟುವುದು ದೊಡ್ಡ ವಿಷಯಗಳಿಗಲ್ಲ. ಒಬ್ಬರಿಗೆ ಹಸಿವಾಗಿರುತ್ತದೆ, ಇನ್ನೊಬ್ಬರು ಇನ್ನೊಂದೇ ಕೋಣೆ ಎಂದು ಒಳಗೆ ಹೋಗಿರುತ್ತಾರೆ, ಅಷ್ಟು ಸಾಕು.

ಲಂಡನ್ನಿನಲ್ಲಿ ಇದಕ್ಕೊಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳಿ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಇವುಗಳಿಗೆಲ್ಲ ಪ್ರವೇಶ ಉಚಿತ. ಕಾಸು ಕೊಡದೆ ಒಳಹೊಕ್ಕವರು ಅರ್ಧ ಗಂಟೆಯಲ್ಲಿ ಹೊರಬಂದರೂ ನಷ್ಟವಿಲ್ಲ, ಉಳಿದವರು ಬಾಗಿಲು ಹಾಕುವವರೆಗೆ ಉಳಿಯಲಿ. ಆದ್ದರಿಂದ ಬೇರೆಯಾಗುವುದನ್ನು ಉಚಿತ ಸ್ಥಳಗಳಲ್ಲಿ ಇಟ್ಟುಕೊಳ್ಳಿ, ಒಟ್ಟಿಗೆ ಇರುವುದನ್ನು ಟಿಕೆಟ್ ಕೊಟ್ಟ ಸ್ಥಳಗಳಲ್ಲಿ. ಮೂವತ್ತು ಪೌಂಡ್ ತೆತ್ತ ಟವರ್‌ನೊಳಗೆ ಒಬ್ಬರು ಆಕಳಿಸುತ್ತಾ ಇನ್ನೊಬ್ಬರನ್ನು ಕಾಯುವುದಕ್ಕಿಂತ ಕೆಟ್ಟ ಗಳಿಗೆ ಪ್ರವಾಸದಲ್ಲಿ ಬೇರೊಂದಿಲ್ಲ, ಹಾಗಾಗಿ ಇಬ್ಬರೂ ಮನಸಾರೆ ಒಪ್ಪಿದ್ದಕ್ಕೆ ಮಾತ್ರ ಟಿಕೆಟ್ ಕೊಳ್ಳಿ. ಒಬ್ಬರಿಗೆ ಮಾತ್ರ ಬೇಕಾದದ್ದಕ್ಕೆ ಆ ಒಬ್ಬರೇ ಹೋಗಲಿ.

ನೆತ್ತಿಸೂರ್ಯ
ಅಲೆಮಾರಿಗಳ ಮಾತು ಕೇಳಲು ಸೊಗಸಾಗಿದೆ. ಬೇರೆ ಬೇರೆ ಸುತ್ತುವುದಾದರೆ ಜೊತೆಗೆ ಹೋಗುವುದಾದರೂ ಏಕೆ? ಇಷ್ಟವಿಲ್ಲದ ಜಾಗಕ್ಕೂ ಗೆಳೆಯನಿಗಾಗಿ ಹೋಗುವುದೇ ಗೆಳೆತನ ಎಂದು ನಾವು ತಿಳಿದುಕೊಂಡಿದ್ದೇವೆ. ನನಗೆ ಚಿತ್ರಕಲೆಯ ಗಂಧಗಾಳಿ ಇರಲಿಲ್ಲ. ಒಬ್ಬ ಸ್ನೇಹಿತ ಎಳೆದುಕೊಂಡು ಹೋದದ್ದರಿಂದಲೇ ನ್ಯಾಷನಲ್ ಗ್ಯಾಲರಿಯಲ್ಲಿ ವ್ಯಾನ್ ಗೋನ ಸೂರ್ಯಕಾಂತಿಯ ಮುಂದೆ ನಿಂತೆ, ಬಣ್ಣವನ್ನು ಎಷ್ಟು ದಪ್ಪಗೆ ಮೆತ್ತಿದ್ದಾನೆಂದರೆ ಪಕ್ಕದಿಂದ ನೋಡಿದಾಗ ಅದಕ್ಕೆ ನೆರಳು ಬೀಳುತ್ತಿತ್ತು. ಒಬ್ಬನೇ ಆಗಿದ್ದರೆ ಆ ಬಾಗಿಲಿನ ಹತ್ತಿರವೂ ಸುಳಿಯುತ್ತಿರಲಿಲ್ಲ.

ಅಲೆಮಾರಿ
ನೀವು ಕೊಟ್ಟ ಉದಾಹರಣೆಯೂ ಉಚಿತ ಸ್ಥಳದ್ದೇ ಎಂಬುದನ್ನು ಗಮನಿಸಬೇಕು. ಬೇಸರವಾಗಿದ್ದರೆ ನೀವು ಎದ್ದು ಹೊರಡಬಹುದಿತ್ತು, ಆ ಸ್ವಾತಂತ್ರ್ಯ ಇದ್ದುದರಿಂದಲೇ ನಿಂತಿರಿ.

ಎಕ್ಸೆಲ್ ಒಡತಿ
ಈ ಚರ್ಚೆಯ ಕೊಂಡಿಯನ್ನು ನನಗೆ ಕಳುಹಿಸಿದವಳು ತುಂಗಾತೀರದವಳೇ ಆದ್ದರಿಂದ ಉತ್ತರಿಸುವ ಹಕ್ಕು ನನಗಿದೆ. ನನ್ನ ಹಾಳೆಯನ್ನು ಎಲ್ಲರೂ ಗೇಲಿ ಮಾಡಿದ್ದೀರಿ. ಹಾಳೆ ಇಲ್ಲದೆ ಹೋದವರಿಗೆ ಏನಾಗುತ್ತದೆ ಗೊತ್ತೇ? ಭಾನುವಾರ ಅಬೆಯ ಬಾಗಿಲಿಗೆ ಹೋಗಿ ಅಂದು ಪ್ರಾರ್ಥನೆಗೆ ಮಾತ್ರ ಪ್ರವೇಶ ಎಂದು ತಿಳಿದು ಹಿಂದಿರುಗುತ್ತಾರೆ. ಶುಕ್ರವಾರ ಮಾತ್ರ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ರಾತ್ರಿ ಹತ್ತರವರೆಗೆ, ಬ್ರಿಟಿಷ್ ಮ್ಯೂಸಿಯಂ ಎಂಟೂವರೆಯವರೆಗೆ ತೆರೆದಿರುತ್ತವೆ ಎಂಬುದನ್ನು ಶನಿವಾರ ತಿಳಿದುಕೊಳ್ಳುತ್ತಾರೆ. ನಿಧಾನವಾಗಿ ನೋಡಬೇಕೆನ್ನುವವರಿಗೇ ವೇಳಾಪಟ್ಟಿ ಹೆಚ್ಚು ಬೇಕು, ಏಕೆಂದರೆ ನಿಧಾನಕ್ಕೆ ಸಮಯ ಉಳಿಸುವುದು ಅದೇ. ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿ ಏಳು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಹೊರಗಿನ ನೋಟಗಳನ್ನು ಹಗಲಿಗೂ ಒಳಗಿನವನ್ನು ಸಂಜೆಗೂ ನಾನು ಹೊಂದಿಸಿರುವುದು ಇದೇ ಕಾರಣಕ್ಕೆ.

ಬೇರೆ ಬೇರೆ ಸುತ್ತುವುದಕ್ಕೆ ನನ್ನ ಅಭ್ಯಂತರವಿಲ್ಲ. ಇದನ್ನು ಅವಳು ನನ್ನನ್ನೇ ಕೇಳಬಹುದಿತ್ತು. ಊಟಕ್ಕೆ ಇಪ್ಪತ್ತು ನಿಮಿಷ ಎಂಬುದನ್ನು ನಲವತ್ತು ಮಾಡಿದ್ದೇನೆ.

ಹಿರಿಯರ ಸಂಗಾತಿ
ಒಡತಿಯವರೇ, ನಿಮ್ಮ ಹಾಳೆಯ ಪ್ರತಿಯೊಂದು ನನಗೂ ಸಿಗಬಹುದೇ? ಊಟದ ವಿಷಯದಲ್ಲಿ ಒಂದು ಮಾತು. ನಿಮ್ಮ ಕೋಣೆ ಯೂಸ್ಟನ್ ಹತ್ತಿರ ಎಂದಾದರೆ ನಿಲ್ದಾಣದ ಮಗ್ಗುಲಿನ ಡ್ರಮಂಡ್ ಬೀದಿಯಲ್ಲಿ ದೋಸೆ, ಚಾಟ್ ಸಿಗುವ ಹಳೆಯ ಸಸ್ಯಾಹಾರಿ ಉಪಾಹಾರ ಮಂದಿರಗಳಿವೆ. ರಾತ್ರಿಯ ಊಟ ಅಲ್ಲಾಗಲಿ, ಮಧ್ಯಾಹ್ನಕ್ಕೆ ಸೂಪರ್ ಮಾರ್ಕೆಟ್ಟಿನ ಸ್ಯಾಂಡ್‌ವಿಚ್ ಕಟ್ಟಿಸಿಕೊಂಡು ಸೇಂಟ್ ಜೇಮ್ಸ್ ಉದ್ಯಾನದ ಬೆಂಚಿನ ಮೇಲೆ ಕುಳಿತುಬಿಡಿ. ಅಲ್ಲಿನ ಕೊಳದಲ್ಲಿ ಹೆಜ್ಜಾರ್ಲೆಗಳಿವೆ. 1664ರಲ್ಲಿ ರಷ್ಯಾದ ರಾಯಭಾರಿ ರಾಜನಿಗೆ ಕಾಣಿಕೆ ಕೊಟ್ಟಲ್ಲಿಂದ ಆ ಹಕ್ಕಿಗಳನ್ನು ಅಲ್ಲಿ ಸಾಕುತ್ತಾ ಬಂದಿದ್ದಾರೆ.

ಥೇಮ್ಸ್ ದಂಡೆ
ಒಡತಿಯವರ ಸಿದ್ಧತೆಗೆ ನನ್ನ ಮೆಚ್ಚುಗೆ. ಕಾವಲು ಬದಲಾವಣೆಯನ್ನು ಬಿಡಲು ಮನಸ್ಸಿಲ್ಲವಾದರೆ ಅರಮನೆಯ ಬೇಲಿಗೆ ಅಂಟಿಕೊಳ್ಳುವ ಬದಲು ವೈಟ್‌ಹಾಲ್‌ನ ಹಾರ್ಸ್ ಗಾರ್ಡ್ಸ್ ಅಂಗಳಕ್ಕೆ ಹೋಗಿ. ವಾರದ ದಿನಗಳಲ್ಲಿ ಬೆಳಗ್ಗೆ ಹನ್ನೊಂದಕ್ಕೆ, ಭಾನುವಾರ ಹತ್ತಕ್ಕೆ ಅಲ್ಲಿ ಕುದುರೆ ಸವಾರರ ಕಾವಲು ಬದಲಾಗುತ್ತದೆ. ಜನ ಕಡಿಮೆ, ನಡುವೆ ಕಬ್ಬಿಣದ ಬೇಲಿ ಇಲ್ಲ, ಕುದುರೆ ಮೂಗು ಸೀನಿದರೆ ನಿಮಗೆ ಕೇಳಿಸುತ್ತದೆ.

ಭೌತಶಾಸ್ತ್ರದ ಮೇಡಂ
ಅಬೆಯನ್ನು ಹೊರಗಿನಿಂದ ನೋಡಿ ಸಾಕೆನ್ನುವವರಿದ್ದರೆ ನನ್ನ ಪ್ರತಿಭಟನೆ ದಾಖಲಾಗಲಿ. 1066ರಿಂದ ಪಟ್ಟಾಭಿಷೇಕಗಳು ನಡೆಯುತ್ತಿರುವ ಜಾಗ ಎಂಬುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವಾದದ್ದು ನೆಲದ ಕಲ್ಲುಗಳು. ನ್ಯೂಟನ್ ಅಲ್ಲಿದ್ದಾನೆ, ಡಾರ್ವಿನ್ ಅಲ್ಲಿದ್ದಾನೆ, ಅವರಿಬ್ಬರ ನಡುವೆ 2018ರಲ್ಲಿ ಸ್ಟೀಫನ್ ಹಾಕಿಂಗ್ ಅವರ ಅಸ್ಥಿಯನ್ನು ಇರಿಸಿದರು. ಅವರ ಕಲ್ಲಿನ ಮೇಲೆ ಕಪ್ಪುಕುಳಿಯ ಸುಳಿಯನ್ನೂ ಅದರ ತಾಪಮಾನವನ್ನು ಲೆಕ್ಕ ಹಾಕುವ ಅವರದೇ ಸಮೀಕರಣವನ್ನೂ ಕೆತ್ತಿದ್ದಾರೆ. ವರ್ಷವರ್ಷವೂ ಕರಿಹಲಗೆಯ ಮೇಲೆ ಸೂತ್ರ ಬರೆದು ಅಳಿಸುವ ನನ್ನಂಥವರಿಗೆ, ಅಳಿಸಲಾಗದಂತೆ ಬರೆದ ಒಂದು ಸೂತ್ರವನ್ನು ಕಂಡಾಗ ಆಗುವ ಸಂತೋಷವೇ ಬೇರೆ.

ಹಣ ಉಳಿಸಬೇಕೆನ್ನುವವರಿಗೆ ಒಂದು ದಾರಿ ಇದೆ. ಸಂಜೆಯ ಈವನ್‌ಸಾಂಗ್ ಪ್ರಾರ್ಥನೆಗೆ ಯಾರು ಬೇಕಾದರೂ ಉಚಿತವಾಗಿ ಹೋಗಿ ಕುಳಿತುಕೊಳ್ಳಬಹುದು. ಗಾಯನ ಅದ್ಭುತವಾಗಿರುತ್ತದೆ. ಆದರೆ ಸಮಾಧಿಗಳ ನಡುವೆ ಅಡ್ಡಾಡಲು ಬಿಡುವುದಿಲ್ಲ, ಛಾಯಾಚಿತ್ರಕ್ಕೂ ಅವಕಾಶವಿಲ್ಲ. ನ್ಯೂಟನ್ ಬೇಕಾದವರು ಟಿಕೆಟ್ಟನ್ನೇ ಕೊಳ್ಳಬೇಕು.

ರೈಲುಪ್ರಿಯ
ಮೇಡಂ ಅವರು ಗ್ರೀನಿಚ್ ಬಗ್ಗೆಯೂ ಹೇಳುವರೆಂದು ಕಾದಿದ್ದೆ.

ಭೌತಶಾಸ್ತ್ರದ ಮೇಡಂ
ಕೇಳಿದಿರಲ್ಲ, ಹೇಳುತ್ತೇನೆ. ಹೋಗುವಾಗ ದೋಣಿಯಲ್ಲಿ ಹೋಗಿ, ಆ ಪಯಣವೇ ಅರ್ಧ ಪ್ರವಾಸ. ವೀಕ್ಷಣಾಲಯದ ಅಂಗಳದಲ್ಲಿ ಸೊನ್ನೆ ರೇಖಾಂಶದ ಪಟ್ಟಿಯ ಮೇಲೆ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಲ್ಲಲು ಟಿಕೆಟ್ ಬೇಕು. ನಿಂತ ಮೇಲೆ ಫೋನಿನ ಜಿಪಿಎಸ್ ತೆರೆದು ನೋಡಿ, ಅದು ಸೊನ್ನೆ ತೋರಿಸುವುದಿಲ್ಲ. ಉಪಗ್ರಹಗಳು ಬಳಸುವ ರೇಖೆ ಅಲ್ಲಿಂದ ಸುಮಾರು 100 ಮೀಟರ್ ಪೂರ್ವಕ್ಕೆ, ಉದ್ಯಾನದೊಳಗೆ ಹಾದುಹೋಗುತ್ತದೆ, ಅಲ್ಲಿಗೆ ನಡೆಯಲು ಯಾರೂ ಕಾಸು ಕೇಳುವುದಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಛಾವಣಿಯ ಮೇಲಿನ ಕೆಂಪು ಚೆಂಡು ಕೆಳಗಿಳಿಯುತ್ತದೆ, ನದಿಯಲ್ಲಿದ್ದ ಹಡಗುಗಳು ಗಡಿಯಾರ ಹೊಂದಿಸಿಕೊಳ್ಳಲೆಂದು 1833ರಲ್ಲಿ ಆರಂಭಿಸಿದ ಏರ್ಪಾಡು ಅದು. ಅದನ್ನೂ ಹೊರಗಿನಿಂದಲೇ ನೋಡಬಹುದು.

ಕಲಬುರಗಿ ಕಡೆಯವ
ಬೇರೆಯಾಗಿ ಸುತ್ತುವ ಮಧ್ಯಾಹ್ನಕ್ಕೆ ಇನ್ನೊಂದು ಸಲಹೆ. 1921–22ರಲ್ಲಿ ಡಾ. ಅಂಬೇಡ್ಕರ್ ಅವರು ವಿದ್ಯಾರ್ಥಿಯಾಗಿದ್ದಾಗ ವಾಸವಿದ್ದ ಮನೆ ಕಿಂಗ್ ಹೆನ್ರೀಸ್ ರಸ್ತೆಯ 10ನೇ ಸಂಖ್ಯೆಯದು. ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಅದನ್ನು ಕೊಂಡು ಸ್ಮಾರಕ ಮಾಡಿದೆ. ತೆರೆದಿರುವ ವೇಳೆಯನ್ನು ವಿಚಾರಿಸಿಕೊಂಡು ಹೋಗಿ. ಪಕ್ಕದಲ್ಲೇ ಪ್ರಿಮ್‌ರೋಸ್ ಹಿಲ್ ಗುಡ್ಡವಿದೆ. ಲಂಡನ್ ಐ ವಿಷಯದಲ್ಲಿ ಜಗಳವಾಡಿದವರೆಲ್ಲ ಅಲ್ಲಿ ಹುಲ್ಲಿನ ಮೇಲೆ ಕುಳಿತು ಊರನ್ನು ನೋಡಬಹುದು.

ತುಂಗಾತೀರ
ಹೀಗೆ ತೀರ್ಮಾನವಾಗಿದೆ. ಟವರ್ ಮತ್ತು ಅಬೆಗೆ ಇಬ್ಬರೂ ಟಿಕೆಟ್ ಕೊಳ್ಳುತ್ತೇವೆ. ಸೇಂಟ್ ಪಾಲ್ಸ್‌ಗೆ ಅವಳೊಬ್ಬಳೇ ಹತ್ತುತ್ತಾಳೆ, ಆ ಹೊತ್ತಿಗೆ ನಾನು ಬ್ರಿಟಿಷ್ ಮ್ಯೂಸಿಯಂನಲ್ಲಿ ಅಮರಾವತಿಯ ಶಿಲ್ಪಗಳ ಮುಂದೆ ಇರುತ್ತೇನೆ. ಶುಕ್ರವಾರ ಸಂಜೆ ಟಿಪ್ಪುವಿನ ಹುಲಿಯನ್ನು ಇಬ್ಬರೂ ನೋಡುತ್ತೇವೆ. ಲಂಡನ್ ಐ ಬಿಟ್ಟಿದ್ದೇವೆ, ಹೊರೈಜನ್ 22 ಕಾದಿರಿಸಿದ್ದೇವೆ. ಬೇರೆಯಾದ ಮೇಲೆ ಮತ್ತೆ ಸೇರಲು ಟ್ರಫಾಲ್ಗರ್ ಚೌಕದ ನೆಲ್ಸನ್ ಸ್ತಂಭದ ಬುಡ ಸರಿಯಾದೀತೇ?

ಥೇಮ್ಸ್ ದಂಡೆ
ಬೇಡ. ಸ್ತಂಭದ ಬುಡದಲ್ಲಿ ನಾಲ್ಕು ಸಿಂಹಗಳಿವೆ, ಒಬ್ಬರು ಒಂದರ ಬಳಿ ನಿಂತು ಇನ್ನೊಬ್ಬರು ಎದುರಿನದರ ಬಳಿ ನಿಂತು ಗಂಟೆಗಟ್ಟಲೆ ಕಾದದ್ದನ್ನು ಕಂಡಿದ್ದೇನೆ. ಮಳೆ ಬಂದರೆ ತಲೆಗೆ ಆಸರೆಯೂ ಇಲ್ಲ. ಚೌಕದ ಈಶಾನ್ಯ ಮೂಲೆಯಲ್ಲಿರುವ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಚರ್ಚಿನ ಕಂಬಗಳ ಕೆಳಗೆ, ಮೆಟ್ಟಿಲಿನ ಮೇಲ್ತುದಿಯಲ್ಲಿ ನಿಲ್ಲಿ. ಎತ್ತರದಲ್ಲಿರುವುದರಿಂದ ಚೌಕದಿಂದ ಬರುವವರು ದೂರದಿಂದಲೇ ಕಾಣುತ್ತಾರೆ.

ಎಕ್ಸೆಲ್ ಒಡತಿ
ಚರ್ಚಿನ ಮೆಟ್ಟಿಲು, ಸಂಜೆ ಐದೂಕಾಲು. ಹಾಳೆಯಲ್ಲಿ ಬರೆದಾಯಿತು.